ಮಾಸ್ಟರ್ ಬ್ಲ್ಯಾಕ್ ಬೆಲ್ಟ್ ಆದ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿ ಹತ್ತು ದಿನಗಳಾದವು. ಕೆಲಸದಲ್ಲಿನ ದೋಷಗಳನ್ನು ಅಳೆದು ತಗ್ಗಿಸುವ ನಮ್ಮ ಸಿಕ್ಸ್ ಸಿಗ್ಮಾ ಪದ್ಧತಿಯಲ್ಲಿ ಬ್ಲ್ಯಾಕ್ ಬೆಲ್ಟ್‌ಗಳಿಗೂ ಮೇಲಿನದಾದ ಮಾಸ್ಟರ್ ಬ್ಲ್ಯಾಕ್ ಬೆಲ್ಟ್ ಹುದ್ದೆಗೆ ನಿನ್ನನ್ನು ಆರಿಸಿದ್ದಾರೆಂದು ಓದಿ ಮನಸ್ಸು ತುಂಬಿ ಬಂತು. ಕೂಡಲೇ ಉತ್ತರ ಬರೆಯದಿರುವುದಕ್ಕೆ ಕಾರಣ, ಪತ್ರದ ಕೊನೆಯಲ್ಲಿ ನೀನು ಕೇಳಿದ್ದ ಪ್ರಶ್ನೆ. ಇನ್ನು ಮುಂದೆ ಪ್ರಾಜೆಕ್ಟುಗಳನ್ನು ಬೇರೆಯವರು ಮಾಡುತ್ತಾರೆ, ತರಬೇತಿಯ ಪಾಠಗಳೂ ಸಿದ್ಧವಾಗಿವೆ, ಹಾಗಾದರೆ ನನಗೆ ಉಳಿಯುವ ಕೆಲಸವಾದರೂ ಯಾವುದು ಎಂದು ನೀನು ಕೇಳಿದ್ದೀಯೆ. ಈ ಹುದ್ದೆಗೆ ಬಂದ ಮೊದಲ ವರ್ಷ ನನ್ನನ್ನೂ ಕಾಡಿದ ಪ್ರಶ್ನೆ ಇದು. ಆಗ ತಿಳಿಯದೆ ನಾನು ಮಾಡಿದ ಒಂದು ತಪ್ಪನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಿನ್ನ ನೇಮಕಾತಿ ಪತ್ರದಲ್ಲಿ ಏನೇನಿರುತ್ತದೆ ಎಂದು ನಾನು ಊಹಿಸಬಲ್ಲೆ: ನಿನಗಿಂತ ಕೆಳಗಿನ ಹಂತಗಳಾದ ಗ್ರೀನ್ ಬೆಲ್ಟ್, ಬ್ಲ್ಯಾಕ್ ಬೆಲ್ಟ್‌ಗಳಿಗೆ ತರಬೇತಿ ಕೊಡುವುದು, ಪ್ರಾಜೆಕ್ಟುಗಳನ್ನು ಆಯ್ಕೆ ಮಾಡುವುದು, ಪ್ರತಿ ಹಂತದ ಪರಿಶೀಲನೆ, ಉಳಿತಾಯದ ಲೆಕ್ಕ, ಹಿರಿಯ ಅಧಿಕಾರಿಗಳಿಗೆ ಸಲಹೆ. ಅದೆಲ್ಲ ಸರಿಯೇ. ಆದರೆ ಆ ಪಟ್ಟಿಯಲ್ಲಿ ಕಾಣದ ಒಂದು ಹೊಣೆ ಉಳಿದೆಲ್ಲಕ್ಕಿಂತ ದೊಡ್ಡದು. ಸಂಸ್ಥೆಯಲ್ಲಿ ಅಂಕಿಗಳು ನಿಜವನ್ನೇ ಹೇಳುವಂತೆ, ಮತ್ತು ಆ ನಿಜವನ್ನು ಹೇಳಿದವರಿಗೆ ತೊಂದರೆಯಾಗದಂತೆ ಕಾಯುವವನು ನೀನು.

ಈ ಪದ್ಧತಿ ಹುಟ್ಟಿದ್ದೇ ಅಂಥ ಒಂದು ನಿಜದಿಂದ ಎಂಬುದನ್ನು ನಾವು ಮರೆಯುತ್ತೇವೆ. ಮೊಟೊರೊಲಾ ಕಂಪನಿಯ ಎಂಜಿನಿಯರ್ ಬಿಲ್ ಸ್ಮಿತ್ 1980ರ ದಶಕದಲ್ಲಿ ಗಮನಿಸಿದ್ದು ಇಷ್ಟೇ: ತಯಾರಿಕೆಯ ಹೊತ್ತಿನಲ್ಲಿ ದೋಷ ಕಂಡು, ಸರಿಪಡಿಸಿ ಕಳುಹಿಸಿದ ಉಪಕರಣಗಳೇ ಗ್ರಾಹಕರ ಕೈಯಲ್ಲಿ ಬೇಗ ಕೆಡುತ್ತಿದ್ದವು. ಕೊನೆಯ ತಪಾಸಣೆಯಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ನಡುವಿನ ರಿಪೇರಿಯ ಕಥೆಯನ್ನು ಆ ತಪಾಸಣೆಯ ಅಂಕಿ ಹೇಳುತ್ತಿರಲಿಲ್ಲ. 1986ರ ಹೊತ್ತಿಗೆ ಅದು ಸಿಕ್ಸ್ ಸಿಗ್ಮಾ ಎಂಬ ರೂಪ ಪಡೆಯಿತು. ದೋಷವಾಗಬಹುದಾದ ಹತ್ತು ಲಕ್ಷ ಅವಕಾಶಗಳಲ್ಲಿ 3.4ಕ್ಕಿಂತ ಹೆಚ್ಚು ದೋಷ ಇರಬಾರದೆಂಬ ಗುರಿ ಪ್ರಸಿದ್ಧವಾಯಿತು. 1995ರಲ್ಲಿ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ ಅದನ್ನು ಜನರಲ್ ಎಲೆಕ್ಟ್ರಿಕ್‌ನ ಮುಖ್ಯ ಕಾರ್ಯಕ್ರಮವನ್ನಾಗಿ ಮಾಡಿದ ಮೇಲೆ ಬೆಲ್ಟ್‌ಗಳು ಜಗತ್ತಿನ ಎಲ್ಲೆಡೆ ಹಬ್ಬಿದವು. ಹಬ್ಬುವ ಭರದಲ್ಲಿ ಎಷ್ಟೋ ಕಡೆ ಬೆಲ್ಟ್‌ಗಳ ಎಣಿಕೆಯೇ ಗುರಿಯಾಯಿತು. ಈ ವರ್ಷ ಎಷ್ಟು ಜನಕ್ಕೆ ಪ್ರಮಾಣಪತ್ರ ಕೊಟ್ಟಿರಿ ಎಂದು ನಿನ್ನನ್ನೂ ಕೇಳುತ್ತಾರೆ. ಆ ಸಂಖ್ಯೆಯನ್ನು ಕೇಳಿದವರಿಗೆ ಕೊಡು, ಆದರೆ ನಿನ್ನ ಕೆಲಸವನ್ನು ಅದರಿಂದ ಅಳೆದುಕೊಳ್ಳಬೇಡ.

ಅಳತೆಯ ವಿಷಯದಲ್ಲಿ ನನಗೆ ಕಣ್ಣು ತೆರೆಸಿದ ಒಂದು ಮಧ್ಯಾಹ್ನವನ್ನು ಹೇಳುತ್ತೇನೆ. ಒಂದು ಲೋಹದ ಬಿಡಿಭಾಗದ ಮೇಲ್ಮೈಯಲ್ಲಿ ಗೀರು ಬೀಳುತ್ತದೆಂದು ಒಬ್ಬ ಬ್ಲ್ಯಾಕ್ ಬೆಲ್ಟ್ ನಾಲ್ಕು ತಿಂಗಳಿಂದ ದತ್ತಾಂಶ ಕಲೆಹಾಕಿದ್ದರು. ಯಂತ್ರವನ್ನೇ ಬದಲಾಯಿಸಬೇಕೆಂಬ ಶಿಫಾರಸೂ ಸಿದ್ಧವಾಗಿತ್ತು. ನಾನು 30 ಬಿಡಿಭಾಗಗಳನ್ನು ಆರಿಸಿ, ಅವುಗಳ ಅಡಿಯಲ್ಲಿ ಸಣ್ಣದಾಗಿ ಸಂಖ್ಯೆ ಬರೆದು, ಮೂವರು ತಪಾಸಕರ ಮುಂದಿಟ್ಟೆ. ಬೆಳಿಗ್ಗೆ ಒಮ್ಮೆ ನೋಡಿದರು. ಮಧ್ಯಾಹ್ನ ಅವನ್ನೇ ಬೇರೆ ಅನುಕ್ರಮದಲ್ಲಿ ಕೊಟ್ಟೆ. ಮೂವರ ತೀರ್ಪು ಒಂದೇ ಆಗಿರಲಿಲ್ಲ, ಅದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದೆಂದರೆ, ಅವರಲ್ಲೇ ಅತ್ಯಂತ ಅನುಭವಿಯಾಗಿದ್ದ ಮಹಿಳೆಯು 17ನೇ ಬಿಡಿಭಾಗವನ್ನು ಬೆಳಿಗ್ಗೆ ಒಪ್ಪಿ, ಮಧ್ಯಾಹ್ನ ತಿರಸ್ಕರಿಸಿದ್ದು. ಅದನ್ನು ಅವರಿಗೆ ತೋರಿಸಿದಾಗ ಅವರು ಮುಜುಗರಪಡಲಿಲ್ಲ. ಬಿಡಿಭಾಗವನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದು, "ಬೆಳಿಗ್ಗೆ ಈ ಕಡೆಯಿಂದ ಬೆಳಕು ಇರುವುದಿಲ್ಲ ಸರ್, ಬಿಸಿಲು ಬಂದ ಮೇಲೆ ಎಲ್ಲ ಗೀರೂ ಎದ್ದು ಕಾಣುತ್ತದೆ" ಎಂದರು. ತಪಾಸಣೆಯ ಮೇಜಿಗೆ ಒಂದೇ ಬಗೆಯ ದೀಪ ಹಾಕಿಸಿ, ಎಲ್ಲಿಯವರೆಗಿನ ಗೀರನ್ನು ಒಪ್ಪಬಹುದೆಂದು ತೋರಿಸುವ ಎರಡು ಮಾದರಿಗಳನ್ನು ಪಕ್ಕದಲ್ಲಿಟ್ಟೆವು. ಯಂತ್ರಕ್ಕೆ ಕೈಹಚ್ಚುವ ಮೊದಲೇ ದೋಷದ ಪ್ರಮಾಣದ ಏರಿಳಿತ ಬಹುಮಟ್ಟಿಗೆ ನಿಂತುಹೋಯಿತು. ನಾಲ್ಕು ತಿಂಗಳ ದತ್ತಾಂಶದಲ್ಲಿ ಅಳೆಯಲ್ಪಟ್ಟಿದ್ದು ಹೆಚ್ಚಾಗಿ ಬಿಸಿಲು.

ಆ ಬ್ಲ್ಯಾಕ್ ಬೆಲ್ಟ್ ದಡ್ಡರಲ್ಲ, ಸೋಮಾರಿಯೂ ಅಲ್ಲ. ಅಳತೆಯ ವ್ಯವಸ್ಥೆಯನ್ನು ಮೊದಲು ಪರೀಕ್ಷಿಸಬೇಕೆಂದು ತರಗತಿಯಲ್ಲಿ ಕಲಿತೂ ಇದ್ದರು. ಆದರೆ ಅವರ ಮೇಲೆ ಗಡುವಿನ ಒತ್ತಡವಿತ್ತು, ಮತ್ತು ಆ ಹಂತವನ್ನು ಹಾರಿಸಿದರೆ ತಡೆಯುವವರು ಯಾರೂ ಇರಲಿಲ್ಲ. ತಡೆಯಬೇಕಾಗಿದ್ದವನು ನಾನು. ಸಂಖ್ಯಾಶಾಸ್ತ್ರದಲ್ಲಿ ನೀನು ನನಗಿಂತ ಗಟ್ಟಿಗ. ನಿನಗೆ ನಾನು ಹೇಳಬಹುದಾದದ್ದು ಇಷ್ಟೇ, ಪರಿಶೀಲನಾ ಸಭೆಯಲ್ಲಿ ಪರಿಹಾರದ ಬಗ್ಗೆ ಕೇಳುವ ಮೊದಲು ಈ ಅಂಕಿಯನ್ನು ಯಾರು, ಎಲ್ಲಿ, ಹೇಗೆ ತೆಗೆದರು ಎಂದು ಕೇಳು. ಮೊದಮೊದಲು ಜನ ಬೇಸರಪಡುತ್ತಾರೆ. ಆರು ತಿಂಗಳಾದ ಮೇಲೆ ನೀನು ಕೇಳುವ ಮೊದಲೇ ಹೇಳತೊಡಗುತ್ತಾರೆ.

ಎರಡನೆಯ ಕಾವಲು ಮೇಲಿನವರ ಕೊಠಡಿಯಲ್ಲಿ, ಅದು ಇದಕ್ಕಿಂತ ಕಷ್ಟದ್ದು. ತಿಂಗಳ ವರದಿಯಲ್ಲಿ ದೋಷ ಸ್ವಲ್ಪ ಏರಿದರೆ ಕಾರಣ ಕೇಳುತ್ತಾರೆ, ಸ್ವಲ್ಪ ಇಳಿದರೆ ಅಭಿನಂದಿಸುತ್ತಾರೆ. ವಿಭಾಗದ ಮುಖ್ಯಸ್ಥರು ಪ್ರತಿ ತಿಂಗಳೂ ಒಂದು ಕಾರಣವನ್ನು ಹೊಸೆಯುತ್ತಾರೆ. ಬೆಲ್ ಟೆಲಿಫೋನ್ ಸಮೂಹದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಪುಟ್ಟ ಟಿಪ್ಪಣಿಯಲ್ಲಿ ಕಂಟ್ರೋಲ್ ಚಾರ್ಟನ್ನು ಮುಂದಿಟ್ಟು ನೂರು ವರ್ಷ ಕಳೆದಿದೆ. ಪ್ರಕ್ರಿಯೆಯ ಸಹಜವಾದ ಏರಿಳಿತ ಯಾವುದು, ಹೊರಗಿನಿಂದ ಏನೋ ಬಂದು ಕೆಡಿಸಿದ್ದು ಯಾವುದು ಎಂದು ಬೇರ್ಪಡಿಸಿ ತೋರಿಸುವ ಆ ಎರಡು ಮಿತಿರೇಖೆಗಳು ಇಂದಿಗೂ ಎಷ್ಟೋ ದೊಡ್ಡ ಸಂಸ್ಥೆಗಳ ಆಡಳಿತ ಸಭೆಗಳಲ್ಲಿ ಕಾಣುವುದಿಲ್ಲ. ಕಳೆದ ತಿಂಗಳು, ಈ ತಿಂಗಳು, ಕೆಂಪು ಬಾಣ, ಹಸಿರು ಬಾಣ, ಅಷ್ಟೇ. ಸಹಜ ಏರಿಳಿತಕ್ಕೆ ಪ್ರತಿ ಬಾರಿ ಕಾರಣ ಹುಡುಕಿ ಪ್ರಕ್ರಿಯೆಯನ್ನು ತಿರುಚುತ್ತ ಹೋದರೆ ಏರಿಳಿತ ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನು ಗುಣಮಟ್ಟದ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಒಂದು ಆಲಿಕೆ ಮತ್ತು ಗೋಲಿಯಿಂದ ಮಾಡಿ ತೋರಿಸುತ್ತಿದ್ದರು. 1950ರಲ್ಲಿ ಜಪಾನಿನಲ್ಲಿ ಅವರು ಎಂಜಿನಿಯರುಗಳಿಗಷ್ಟೇ ಪಾಠ ಹೇಳದೆ ಕಂಪನಿಗಳ ಮುಖ್ಯಸ್ಥರನ್ನೂ ಕೂರಿಸಿಕೊಂಡು ಮಾತನಾಡಿದ್ದು ಸುಮ್ಮನೆ ಅಲ್ಲ. ಕೆಳಗಿನವರು ಎಷ್ಟೇ ಕಲಿತರೂ, ಮೇಲಿನವರು ಕೇಳುವ ಪ್ರಶ್ನೆ ಬದಲಾಗದಿದ್ದರೆ ಕಲಿತದ್ದು ಬಳಕೆಗೆ ಬರುವುದಿಲ್ಲ. ಬ್ಲ್ಯಾಕ್ ಬೆಲ್ಟ್‌ಗೆ ಆ ಕೊಠಡಿಯಲ್ಲಿ ಕುರ್ಚಿ ಇರುವುದಿಲ್ಲ, ನಿನಗಿದೆ. ಒಂದೇ ಒಂದು ಅಂಕಿಯನ್ನು ಆರಿಸಿಕೊಂಡು ಅದರ 24 ತಿಂಗಳ ಚಾರ್ಟನ್ನು ಮುಂದಿಡು, ಮಿತಿರೇಖೆಗಳನ್ನು ಎಳೆ, ಹೆಚ್ಚು ಮಾತನಾಡಬೇಡ. ಕಳೆದ ಎರಡು ವರ್ಷ ತಾವು ಕೇಳಿದ ವಿವರಣೆಗಳಲ್ಲಿ ಎಷ್ಟಕ್ಕೆ ಅರ್ಥವಿತ್ತು ಎಂದು ಅವರಿಗೇ ಹೊಳೆಯುತ್ತದೆ.

ಈಗ ನನ್ನ ತಪ್ಪಿನ ವಿಷಯ. ಹಿಂದೆ ನಾನಿದ್ದ ಒಂದು ಸಂಸ್ಥೆಯಲ್ಲಿ, ಪೂರೈಕೆದಾರರ ಬಿಲ್ಲು ಪಾವತಿಯಾಗಲು ಮೂರು ವಾರ ಹಿಡಿಯುತ್ತಿತ್ತು. ಡ್ಯಾಶ್‌ಬೋರ್ಡಿನಿಂದ ಏನೂ ತಿಳಿಯದೆ, ಒಂದೇ ಒಂದು ಬಿಲ್ಲನ್ನು ಹಿಡಿದು ಅದು ಹೋದಲ್ಲೆಲ್ಲ ನಾನೂ ಹೋದೆ. ಅದರ ಮೇಲೆ ಯಾರಾದರೂ ನಿಜವಾಗಿ ಕೆಲಸ ಮಾಡಿದ್ದು ಎಲ್ಲ ಸೇರಿ ಅರ್ಧ ಗಂಟೆಯೂ ಇರಲಿಲ್ಲ, ಉಳಿದದ್ದೆಲ್ಲ ಕಾಯುವಿಕೆ. ಆ ಕಾಯುವಿಕೆ ಎಲ್ಲೆಲ್ಲಿ, ಏತಕ್ಕೆ ಎಂದು ನನಗೆ ಬಿಡಿಬಿಡಿಯಾಗಿ ಹೇಳಿಕೊಟ್ಟವರು ಅಲ್ಲಿನ ಗುಮಾಸ್ತರು. ಯಾವ ಸಹಿ ಬೇಕಿಲ್ಲ, ಯಾವ ನಮೂನೆಯನ್ನು ಯಾರೂ ಓದುವುದಿಲ್ಲ ಎಂಬುದು ವರ್ಷಗಳಿಂದ ಅವರಿಗೆ ಗೊತ್ತಿತ್ತು. ಅವರನ್ನು ಯಾರೂ ಕೇಳಿರಲಿಲ್ಲ. ಮೂರು ವಾರ ಐದು ದಿನಕ್ಕೆ ಇಳಿಯಿತು. ಆಮೇಲೆ ಹಣಕಾಸು ವಿಭಾಗವು, ಉಳಿತಾಯವಾದ ಸಮಯವನ್ನು ಜನರ ಲೆಕ್ಕಕ್ಕೆ ತಿರುಗಿಸಿ, ನಾಲ್ಕು ಹುದ್ದೆಗಳು ಹೆಚ್ಚುವರಿ ಎಂದು ತೀರ್ಮಾನಿಸಿತು. ಹೋದವರಲ್ಲಿ ಇಬ್ಬರು ನನಗೆ ದಾರಿ ತೋರಿಸಿದವರು. ಆ ತೀರ್ಮಾನದ ಸಭೆಯಲ್ಲಿ ನಾನಿದ್ದೆ, ಮತ್ತು ಮಾತನಾಡಲಿಲ್ಲ.

ಮುಂದಿನ ಪ್ರಾಜೆಕ್ಟಿಗಾಗಿ ಅದೇ ಮಹಡಿಗೆ ಹೋದಾಗ ಎಲ್ಲರೂ ವಿನಯದಿಂದ ಮಾತನಾಡಿಸಿದರು, ಕಾಫಿ ತರಿಸಿದರು, ಆದರೆ ಒಬ್ಬರೂ ಏನನ್ನೂ ಹೇಳಲಿಲ್ಲ. ಎಲ್ಲವೂ ಸರಿಯಾಗಿದೆ ಎಂದರು. ಆ ಮೌನಕ್ಕೆ ನಾನೇ ಕಾರಣನಾಗಿದ್ದೆ. ಅಲ್ಲಿ ನಾನಿದ್ದ ಉಳಿದ ಎರಡು ವರ್ಷಗಳಲ್ಲಿ ಅದನ್ನು ಮುರಿಯಲು ನನ್ನಿಂದಾಗಲಿಲ್ಲ. ಅಂದಿನಿಂದ ಪ್ರಾಜೆಕ್ಟಿನ ಒಪ್ಪಂದ ಪತ್ರಕ್ಕೆ ಸಹಿ ಹಾಕುವ ಮೊದಲು ಉಳಿಯುವ ಸಮಯವನ್ನು ಏನು ಮಾಡುತ್ತೀರಿ ಎಂದು ಕೇಳಿ, ಈ ಕೆಲಸದಿಂದ ಯಾರ ಹುದ್ದೆಯೂ ಹೋಗುವುದಿಲ್ಲ ಎಂಬ ಸಾಲನ್ನು ಬರಹದಲ್ಲಿ ಪಡೆಯುತ್ತೇನೆ. ಎರಡು ಬಾರಿ ಆ ಸಾಲು ಸಿಗದೆ ಪ್ರಾಜೆಕ್ಟನ್ನೇ ಕೈಬಿಟ್ಟಿದ್ದೇನೆ, ನಮ್ಮ ವಿಭಾಗದ ಆ ವರ್ಷದ ಉಳಿತಾಯದ ಅಂಕಿ ಅದರಿಂದ ತಗ್ಗಿದ್ದೂ ಉಂಟು. ನಿನ್ನ ಹುದ್ದೆಯ ಹೆಸರಿಗೆ ಮಾಸ್ಟರ್ ಎಂಬ ಪದ ಬಂದಿರುವುದು ಇಂಥ ಕಡೆ ಬೇಡ ಎನ್ನುವುದಕ್ಕೆ ಎಂದೇ ನಾನು ತಿಳಿದಿದ್ದೇನೆ. ಕಿರಿಯ ಬ್ಲ್ಯಾಕ್ ಬೆಲ್ಟ್ ಬೇಡ ಎಂದರೆ ಅವರ ಬಡ್ತಿಗೆ ಕುತ್ತು ಬರುತ್ತದೆ.

ತರಬೇತಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪಾಠ ಹೇಳುವುದು ನಿನಗೆ ಮೊದಲಿನಿಂದಲೂ ಒಲಿದ ಕೆಲಸ. ಒಂದು ಮಾತ್ರ: ಕಲಿಯುವವರು ಉತ್ತರಕ್ಕಾಗಿ ನಿನ್ನ ಬಳಿ ಬಂದಾಗ, ಅದು ನಿನಗೆ ಗೊತ್ತಿದ್ದರೂ ಹೇಳಬೇಡ, ಅವರೊಡನೆ ಕೆಲಸ ನಡೆಯುವ ಜಾಗಕ್ಕೆ ಹೋಗಿ ನಿಂತುಕೋ. ಟೊಯೋಟಾದ ತೈಇಚಿ ಓನೋ ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಅದರೊಳಗೆ ಗಂಟೆಗಟ್ಟಲೆ ನಿಂತು ನೋಡುವಂತೆ ಎಂಜಿನಿಯರುಗಳಿಗೆ ಹೇಳುತ್ತಿದ್ದರೆಂಬುದನ್ನು ನೀನೂ ಕೇಳಿರುತ್ತೀಯೆ. ವೃತ್ತ ಬರೆಯಬೇಕಾಗಿಲ್ಲ. ಜೊತೆಗೆ ನಿಂತರೆ ಸಾಕು.

ಬರುವ ವಾರ ನಿನ್ನ ಮೊದಲ ಪ್ರಾಜೆಕ್ಟ್ ಆಯ್ಕೆಯ ಸಭೆ ಇದೆ ಎಂದು ಬರೆದಿದ್ದೀಯೆ. ಸಾಧ್ಯವಾದರೆ ಅದಕ್ಕೆ ಮುಂಚೆ ಪಟ್ಟಿಯನ್ನು, ಸಂಸ್ಥೆಯ ಗುಟ್ಟಿನ ವಿವರಗಳನ್ನು ಬಿಟ್ಟು, ನನಗೆ ಕಳುಹಿಸು. ಪ್ರತಿಯೊಂದರ ಎದುರಿಗೆ ಮೂರು ವಿಷಯಗಳನ್ನು ಬರೆ: ಅದರ ಅಂಕಿ ಎಲ್ಲಿಂದ ಬಂತು, ಆ ಕೆಲಸವನ್ನು ದಿನವೂ ಮಾಡುವವರಲ್ಲಿ ನೀನು ಯಾರೊಡನೆ ಮಾತನಾಡಿದೆ, ಪ್ರಾಜೆಕ್ಟ್ ಮುಗಿದು ನೀವೆಲ್ಲ ಹೊರಟ ಮೇಲೆ ಆ ಪ್ರಕ್ರಿಯೆಯನ್ನು ನೋಡಿಕೊಳ್ಳುವವರು ಯಾರು. ಮೂರನೆಯದು ಖಾಲಿ ಉಳಿದ ಪ್ರಾಜೆಕ್ಟುಗಳ ಬಗ್ಗೆ ಭಾನುವಾರ ಫೋನಿನಲ್ಲಿ ಮಾತನಾಡೋಣ.

ಇಂತಿ ನಿನ್ನ ಗೆಳೆಯ