ಬೆಂಚಿನ ಕೊನೆಯ ಆಟಗಾರ

ಮಾನ್ಯ ಸಂಪಾದಕರೇ,

ಮಾರ್ಚ್ ಬಂದರೆ ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಹಬ್ಬ. ಆಗೆಲ್ಲ ನನಗೆ ನೆನಪಾಗುವುದು ಮಾರ್ಕ್ ಟೈಟಸ್. 2006ರಿಂದ 2010ರವರೆಗೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯ ತಂಡದ ಬೆಂಚಿನಲ್ಲಿದ್ದವರು. ಗ್ರೆಗ್ ಓಡನ್, ಮೈಕ್ ಕಾನ್ಲಿಯಂಥ ದೊಡ್ಡ ಆಟಗಾರರಿದ್ದ ಆ ತಂಡ 2007ರ ಫೈನಲ್‌ನಲ್ಲಿ ಫ್ಲೋರಿಡಾಗೆ 84–75ರಿಂದ ಸೋತಿತು.

ನಾನು ಆಗ ಆ ವಿಶ್ವವಿದ್ಯಾಲಯವಿರುವ ಕೊಲಂಬಸ್‌ನಲ್ಲಿ ಓದುತ್ತಿದ್ದೆ. ನಮ್ಮ ತಂಡ 20 ಅಂಕ ಮುಂದಿದ್ದರೆ ಗೆಳೆಯರೆಲ್ಲರ ಕಣ್ಣು ಬೆಂಚಿನ ಕಡೆಗೇ. ಟೈಟಸ್ ಎದ್ದು ಮೇಲಂಗಿ ತೆಗೆದರೆ ಸಾಕು, ಗಂಟಲು ಕಟ್ಟುವಷ್ಟು ಕೂಗುತ್ತಿದ್ದೆವು. ಸಿಗುತ್ತಿದ್ದದ್ದು ಒಂದು ನಿಮಿಷ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ 1, ಆಮೇಲೆ ಸಾಲಾಗಿ ಸೊನ್ನೆ. ಒಟ್ಟಿಗೆ ಓದಿದರೆ ಒಂದು ಟ್ರಿಲಿಯನ್, ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ! ಅದಕ್ಕೇ ತಮ್ಮ ಬ್ಲಾಗ್‌ಗೆ ‘ಕ್ಲಬ್ ಟ್ರಿಲಿಯನ್’ ಎಂದು ಹೆಸರಿಟ್ಟು ಅವರು ಬೆಂಚಿನ ಬದುಕನ್ನು ಬರೆದರು. ಜನ ಮುಗಿಬಿದ್ದು ಓದಿದರು.

ಟೈಟಸ್ ‘ವಾಕ್‌ಆನ್’ ಆಟಗಾರ. ಅಂದರೆ ಸ್ಕಾಲರ್‌ಶಿಪ್ ಕೊಟ್ಟು ತಂಡ ಕರೆತಂದವರಲ್ಲ, ತಾವಾಗಿಯೇ ಬಂದು ಸೇರಿದವರು. ಇಂಥವರು ದಿನವೂ ಅಭ್ಯಾಸದಲ್ಲಿ ಎದುರಾಳಿಗಳಾಗಿ ನಿಂತು ಬೆವರು ಸುರಿಸುತ್ತಾರೆ. ಸ್ಟಾರ್‌ಗಳು ಪಳಗುವುದು ಇವರ ಎದುರಲ್ಲೇ ಅಲ್ವಾ?

ನಮ್ಮ ಕಾಲೇಜು ತಂಡಗಳಲ್ಲೂ ಇಂಥ ಹುಡುಗ ಹುಡುಗಿಯರಿದ್ದಾರೆ. ಅಂತರ ಕಾಲೇಜು ಪಂದ್ಯಗಳ ವರದಿಯಲ್ಲಿ ಗೆದ್ದವರ ಜೊತೆ ಅವರ ಹೆಸರನ್ನೂ ಹಾಕಿ. ಮನೆಯವರು ಆ ಪುಟವನ್ನು ಕತ್ತರಿಸಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

– ಒಬ್ಬ ಓದುಗ, ಮೈಸೂರು