ಬಕೆಟ್ ನೋಡಿಕೊಂಡ ಬಾಂಬೋಗೆ

ಆಫ್ರಿಕಾದ ಮಲಾವಿಯಲ್ಲಿ ಕಾಲರಾ ಕ್ಯಾಂಪಿನ ನರ್ಸಾಗಿ ಕೆಲಸ ಮಾಡಿ ದಾವಣಗೆರೆಗೆ ವಾಪಸ್ ಬಂದು ನಾಲ್ಕು ತಿಂಗಳಾಯಿತು. ಥ್ಯಾಂಕ್ಸ್ ಹೇಳುವುದು ತಡವಾಗಿದೆ, ಬೈಕೋಬೇಡಿ. ಮಲಾವಿಗೆ ಯಾಕೆ ಹೋದೆ, ಯಾರ ಜೊತೆ ಹೋದೆ, ಕಾಗದಪತ್ರಕ್ಕೆ ಎಷ್ಟು ಅಲೆದೆ ಎಂಬುದೆಲ್ಲ ನಿಮಗೆ ಬಾಯಿಪಾಠ. ಅದನ್ನು ಮತ್ತೆ ಕೊರೆಯುವುದಿಲ್ಲ.

ನನ್ನ ನೈಟ್ ಡ್ಯೂಟಿಗಳನ್ನು ಹಂಚಿಕೊಂಡ ವಾರ್ಡಿನ ಸಿಸ್ಟರ್‌ಗಳು, ರಜೆ ಅರ್ಜಿಗೆ ಮರುಮಾತಾಡದೆ ಸಹಿ ಹಾಕಿದ ಮೇಟ್ರನ್ ಮೇಡಂ, ಪಿ.ಜೆ. ಬಡಾವಣೆಯ ಮನೆಯಲ್ಲಿ ಮಗಳ ಜಡೆಯಿಂದ ಪರೀಕ್ಷೆವರೆಗೆ ಎಲ್ಲ ನೋಡಿಕೊಂಡ ಅತ್ತೆ, ಎರಡು ಕೆ.ಜಿ. ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟ ಚಿತ್ರದುರ್ಗದ ಅಕ್ಕ, ನಡುರಾತ್ರಿ ಏರ್‌ಪೋರ್ಟಿಗೆ ಬಿಟ್ಟುಬಂದ ಭಾವ: ಎಲ್ಲರಿಗೂ ಒಂದೇ ಉಸಿರಿನಲ್ಲಿ ನಮಸ್ಕಾರ. ‘ನನಗೆ ಇಷ್ಟೇನಾ?’ ಅಂತ ಅತ್ತೆ ಕೇಳೇ ಕೇಳುತ್ತಾರೆ. ಹೌದು ಅತ್ತೆ, ಈ ಸಲ ಇಷ್ಟೇ. ಚಟ್ನಿಪುಡಿ ಮಾತ್ರ ಅಲ್ಲಿಯ ಎನ್ಸಿಮಾಗೆ ಹೇಳಿಮಾಡಿಸಿದ ಹಾಗಿತ್ತು. ಎನ್ಸಿಮಾ ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಸ್ವಲ್ಪ ಮೆತ್ತಗೆ.

ಉಳಿದದ್ದೆಲ್ಲ ಒಬ್ಬರಿಗೆ. ಅವರನ್ನು ಕೇಳದೆ ಹೆಸರು ಹಾಕುವುದು ಸರಿಯಲ್ಲ. ಕ್ಯಾಂಪಿನಲ್ಲಿ ಎಲ್ಲರೂ ‘ಬಾಂಬೋ’ ಎನ್ನುತ್ತಿದ್ದರು. ಚಿಚೇವಾ ಭಾಷೆಯಲ್ಲಿ ಅಪ್ಪ ಎಂದರ್ಥ, ಹಿರಿಯರನ್ನು ಕರೆಯುವುದೇ ಹಾಗೆ. ಅವರು ಡಾಕ್ಟರಲ್ಲ, ನರ್ಸೂ ಅಲ್ಲ. ಕಾಲರಾ ಟೆಂಟಿನಲ್ಲಿ ಕ್ಲೋರಿನ್ ಕಲಸುವುದು, ಬಕೆಟ್ ಖಾಲಿ ಮಾಡುವುದು ಅವರ ಕೆಲಸ.

ಕಾಲರಾ ಮಂಚಕ್ಕೆ ನಡುವೆ ತೂತಿರುತ್ತದೆ. ತೂತಿನ ಕೆಳಗೆ ಒಂದು ಬಕೆಟ್, ತಲೆಯ ಪಕ್ಕ ವಾಂತಿಗೆ ಇನ್ನೊಂದು. ಖಾಲಿ ಬಕೆಟ್ ಇಡುವ ಮೊದಲು ತಳದಲ್ಲಿ ಒಂದು ಸೆಂಟಿಮೀಟರಿನಷ್ಟು 2% ಕ್ಲೋರಿನ್ ನೀರು ಹಾಕಬೇಕು. ರೋಗ ಜೋರಾದಾಗ ದೊಡ್ಡವರಿಗೆ ಗಂಟೆಗೆ ಒಂದು ಲೀಟರಿನವರೆಗೂ ಹೋಗಿಬಿಡುತ್ತದೆ, ಅಕ್ಕಿ ತೊಳೆದ ಕಲಗಚ್ಚಿನ ಹಾಗೆ. ಹೋದಷ್ಟನ್ನು ಒಳಗೆ ತುಂಬಿಸಿದರೆ ಮನುಷ್ಯ ಉಳಿಯುತ್ತಾನೆ. ಎಷ್ಟು ಹೋಯಿತು ಅಂತ ಹೇಳುವುದು ಬಕೆಟ್ಟೇ. ಅದಕ್ಕೇ ಅದರ ಮೇಲೆ ಅರ್ಧರ್ಧ ಲೀಟರಿಗೆ ಗೆರೆ. ಒಳಗೆ ಮಾರ್ಕರಿನಲ್ಲಿ ಬರೆದರೆ ಕ್ಲೋರಿನ್ ತಿಂದುಹಾಕುತ್ತದೆ. ಬಾಂಬೋ ಬೆಳಕು ಹಾಯುವಂಥ ಬಿಳಿ ಬಕೆಟ್ಟುಗಳನ್ನೇ ಆರಿಸಿ, ಹೊರಗಡೆ ಕಾಯಿಸಿದ ಮೊಳೆಯಿಂದ ಗೀರಿಟ್ಟಿದ್ದರು. ಒಳಗೆ ಗೀರಿದರೆ ಕೊಳೆ ಕೂರುತ್ತದೆ, ಹೊರಗಾದರೆ ಆ ತಕರಾರಿಲ್ಲ.

ಡ್ರಿಪ್ ಲೆಕ್ಕ ನಮ್ಮ ಸಿಸ್ಟರ್‌ಗಳಿಗೆ ಗೊತ್ತು, ಆದರೂ ಒಂದು ಸಾಲು. ನಾಡಿ ಸಿಗದ ಸ್ಥಿತಿಯಲ್ಲಿ ಬಂದವರಿಗೆ ಕೆ.ಜಿ.ಗೆ 100 ಮಿ.ಲೀ. ರಿಂಗರ್ ಲ್ಯಾಕ್ಟೇಟ್ (ರಕ್ತನಾಳಕ್ಕೆ ಏರಿಸುವ ಲವಣದ ನೀರು): ಮೊದಲ 30 ಮಿ.ಲೀ. ಅರ್ಧ ಗಂಟೆಯಲ್ಲಿ, ಉಳಿದ 70 ಎರಡೂವರೆ ಗಂಟೆಯಲ್ಲಿ. ವರ್ಷ ತುಂಬದ ಕೂಸಿಗೆ ಅದೇ ಅಳತೆ ಒಂದು ಗಂಟೆ ಮತ್ತು ಐದು ಗಂಟೆಯಲ್ಲಿ. 50 ಕೆ.ಜಿ. ಮನುಷ್ಯನಿಗೆ ಮೂರು ತಾಸಿಗೆ ಐದು ಲೀಟರ್ ಆಯಿತು. ಹನಿ ಎಣಿಸುತ್ತ ಕೂರುವ ಮಾತೇ ಇಲ್ಲ. ಎರಡೂ ಕೈಗೆ ದಪ್ಪ ಕ್ಯಾನುಲಾ (ನಾಳದೊಳಗೆ ಇಡುವ ಡ್ರಿಪ್ ನಳಿಕೆ), ಕ್ಲ್ಯಾಂಪ್ ಪೂರ್ತಿ ಬಿಡುವುದು, ಕಾಲು ಗಂಟೆಗೊಮ್ಮೆ ನಾಡಿ ನೋಡುವುದು. ಆಮೇಲೆ ಓಆರ್‌ಎಸ್. ಅದನ್ನು ಎಷ್ಟು ಕುಡಿಸಬೇಕು, ಡ್ರಿಪ್ ಮತ್ತೆ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಬಕೆಟ್ ನೋಡಿದವರ ಮಾತು ಬೇಕೇ ಬೇಕು. ಆ ಲೆಕ್ಕ ತಪ್ಪಿದರೆ ಒಬ್ಬರು ಮತ್ತೆ ಒಣಗುತ್ತಾರೆ, ಇನ್ನೊಬ್ಬರ ಶ್ವಾಸಕೋಶಕ್ಕೆ ನೀರು ತುಂಬುತ್ತದೆ.

2022ರ ಮಾರ್ಚ್‌ನಲ್ಲಿ ಶುರುವಾದ ಕಾಲರಾ ಮಲಾವಿ ಅಲ್ಲಿಯವರೆಗೆ ಕಂಡದ್ದರಲ್ಲೇ ದೊಡ್ಡದು. 1,700ಕ್ಕೂ ಹೆಚ್ಚು ಜನ ಹೋದರು. ಅದರ ನಡುವೆಯೇ 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಅಲ್ಲಿಯ ಬ್ಲಾಂಟೈರ್ ನಗರದ ಮೇಲೆ ಎರಗಿತು. ಕರೆಂಟ್ ಹೋಯಿತು, ರಸ್ತೆ ಕೊಚ್ಚಿಹೋಯಿತು, ರಾತ್ರಿ ಪಾಳಿಯವರು ಬರಲಿಲ್ಲ. ಬಾಂಬೋ ಬೆಳಗ್ಗೆ ಆರಕ್ಕೆ ಬಂದವರು. ಹೋಗಿ ಅಂತ ಯಾರೂ ಹೇಳಲಿಲ್ಲ, ಅವರೂ ಹೋಗಲಿಲ್ಲ.

ಆ ರಾತ್ರಿ ಅವರು ಮಾಡಿದ್ದನ್ನು ಬರೆದಿಡಬೇಕು. ಕ್ಲೋರಿನ್ ಮೂರು ಬಗೆ: ಕೈಗೆ 0.05%, ನೆಲಕ್ಕೆ 0.2%, ವಾಂತಿ-ಭೇದಿಗೆ 2%. ಶೇಕಡಾ 70ರಷ್ಟು ಕ್ಲೋರಿನ್ ಇರುವ ಎಚ್‌ಟಿಎಚ್ ಎಂಬ ಪುಡಿಯಾದರೆ 20 ಲೀಟರ್ ನೀರಿಗೆ ಕ್ರಮವಾಗಿ ಸುಮಾರು 15, 60, 600 ಗ್ರಾಂ. ಮೂರೂ ನೋಡುವುದಕ್ಕೆ ನೀರೇ. ಅದಲುಬದಲಾದರೆ ಒಂದು ಕಡೆ ಕೈ ಸುಡುತ್ತದೆ, ಇನ್ನೊಂದು ಕಡೆ ರೋಗಾಣು ಸಾಯುವುದಿಲ್ಲ. ಕತ್ತಲಲ್ಲಿ ಲೇಬಲ್ ಕಾಣದು ಅಂತ ಬಾಂಬೋ ಡ್ರಮ್ಮಿನ ಹಿಡಿಗಳಿಗೆ ಹಗ್ಗ ಕಟ್ಟಿದ್ದರು: ಕೈನೀರಿಗೆ ಒಂದು ಗಂಟು, ನೆಲದ್ದಕ್ಕೆ ಎರಡು, ಸುಡುವುದಕ್ಕೆ ಮೂರು. ಮುಟ್ಟಿ ನೋಡಿದರೆ ಸಾಕು. ಮಳೆನೀರು ನುಗ್ಗಿ ಬಾಗಿಲ ಬಳಿಯ ಕಾಲು ಅದ್ದುವ ತಟ್ಟೆ ಸಪ್ಪೆಯಾಗುತ್ತಿತ್ತು. ಎಷ್ಟು ಸಲ ಸಪ್ಪೆಯಾಯಿತೋ ಅಷ್ಟು ಸಲ ಬದಲಿಸಿದರು. ಪುಡಿ ಕಲಸಿದ ಮೇಲೆ ಅರ್ಧ ಗಂಟೆ ಬಿಟ್ಟು ತಿಳಿಯನ್ನಷ್ಟೇ ಸ್ಪ್ರೇಯರಿಗೆ ಬಗ್ಗಿಸುತ್ತಿದ್ದರು. ಗಷ್ಟು ಹೋದರೆ ನಾಜಲ್ ಕಟ್ಟುತ್ತದೆ. ಅಂಥ ಗಡಿಬಿಡಿಯಲ್ಲೂ ಆ ಅರ್ಧ ಗಂಟೆ ಬಿಡಲಿಲ್ಲ.

ಜೊತೆಗೆ ಹದಿನಾಲ್ಕು ಮಂಚ. ತಮ್ಮ ಹಳೇ ಮೊಬೈಲಿನ ಟಾರ್ಚ್ ಹಿಡಿದು ಬಕೆಟ್ ಬಕೆಟ್ಟಿಗೂ ಬಗ್ಗಿ, ಗೆರೆ ನೋಡಿ, ಅಂಕಿ ಕೂಗುವರು. ಬೋರ್ಡಿನ ಮೇಲೆ ಸಮಯ, ಮಂಚ, ಲೀಟರ್. ಆಮೇಲೆ ಹೊರಗೆ ಹೋಗಿ ಸುರಿದು, ತೊಳೆದು, ತಳಕ್ಕೆ ಕ್ಲೋರಿನ್ ಹಾಕಿ ತಂದಿಡುವರು. ಮತ್ತೆ ಮೊದಲ ಮಂಚ.

ಒಂದು ಮಗು ಉಳಿಯಲಿಲ್ಲ. ಡ್ರಿಪ್ಪಿನ ನೀರು ಸಾಕಷ್ಟು ಒಳಗೆ ಹೋಗಿತ್ತು, ನಾಡಿ ಬಂದಿತ್ತು, ಆದರೂ ಮಂಕಾಗಿಯೇ ಇತ್ತು. ಸುಸ್ತಿಗೆ ನಿದ್ದೆ ಅಂದುಕೊಂಡೆ. ರಕ್ತದ ಸಕ್ಕರೆ ಇಳಿದಿತ್ತು. ಕೆ.ಜಿ.ಗೆ 5 ಮಿ.ಲೀ. 10% ಗ್ಲೂಕೋಸ್, ಅಷ್ಟೇ ಬೇಕಿದ್ದದ್ದು, ಆ ಹೊತ್ತಿಗೆ. ಕೊಟ್ಟೆ, ತಡವಾಗಿ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ.

ಬಾಂಬೋ ಬೋರ್ಡಿನಲ್ಲಿ ಆ ಸಾಲಿಗೂ ಸಮಯ ಬರೆದರು, ಉಳಿದ ಸಾಲುಗಳ ಹಾಗೇ ದುಂಡಗೆ. ಸಮಾಧಾನದ ಮಾತೇನೂ ಆಡಲಿಲ್ಲ. ಮುಂದಿನ ಮಂಚಕ್ಕೆ ಹೋಗಿ, ಬಗ್ಗಿ ನೋಡಿ, “ಸಿಸ್ಟರ್, ಒಂಬತ್ತು. ಮೂರು ಲೀಟರ್” ಅಂದರು. ಒಂಬತ್ತನೇ ಮಂಚದವಳಿಗೆ ಆಗ ಡ್ರಿಪ್ ಮತ್ತೆ ಹಾಕಬೇಕಿತ್ತು. ಹಾಕಿದೆ. ಅವಳು ನಾಲ್ಕನೇ ದಿನ ನಡೆದುಕೊಂಡು ಮನೆಗೆ ಹೋದಳು.

ಈಗ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. 2023ರ ಆಗಸ್ಟ್ ಮೊದಲಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕುಡಿಯುವ ನೀರು ಕೆಟ್ಟು, ವಾಂತಿ-ಭೇದಿಯಾಗಿ ಜನ ಸತ್ತರು. ಸುದ್ದಿ ನೋಡುವಾಗ ನನ್ನ ಕಿವಿಯಲ್ಲಿ ಆ ಅಂಕಿಗಳೇ. ನಮ್ಮ ವಾರ್ಡುಗಳಲ್ಲೂ ಬಕೆಟ್ ಎತ್ತುವವರಿದ್ದಾರೆ. ‘ಎಷ್ಟಿತ್ತು?’ ಅಂತ ಅವರನ್ನು ನಾವು ಕೇಳುವುದೇ ಕಡಿಮೆ. ನಾನು ಈಗ ಕೇಳುತ್ತೇನೆ.

ಹೊರಡುವ ದಿನ ‘ಏನು ಕಳಿಸಲಿ ಬಾಂಬೋ?’ ಅಂದದ್ದಕ್ಕೆ ಸ್ಪ್ರೇಯರಿನ ವಾಷರ್ ಅಂದರು. ಕ್ಲೋರಿನ್ನಿಗೆ ರಬ್ಬರ್ ಬೇಗ ಬಿರಿಯುತ್ತದೆ, ಪಂಪು ಸೋರುತ್ತದೆ. ನಮ್ಮ ಕಡೆ ಮೆಕ್ಕೆಜೋಳಕ್ಕೆ ಔಷಧಿ ಹೊಡೆಯುವಂಥದೇ ಬೆನ್ನಿನ ಪಂಪು ಅದು (ಔಷಧಿ ಹೊಡೆದದ್ದನ್ನು ಮಾತ್ರ ಇದಕ್ಕೆ ಬಳಸಬಾರದು). ಹೋದ ವಾರ ಎಪಿಎಂಸಿ ಹತ್ತಿರದ ಅಂಗಡಿಯಲ್ಲಿ ಎರಡು ಡಜನ್ ವಾಷರ್, ನಾಲ್ಕು ನಾಜಲ್ ತೊಗೊಂಡು ಕಳಿಸಿದೆ. ಆಫ್ರಿಕಾಕ್ಕೆ ಅಂದಾಗ ಅಂಗಡಿಯವರು ನಂಬಲಿಲ್ಲ. ಕಥೆ ಪೂರ್ತಿ ಕೇಳಿ, ದುಡ್ಡು ಬೇಡ ಅಂದರು, ಮೇಲೆ ಎರಡು ನಾಜಲ್ ಹಾಕಿದರು. ಅಣ್ಣಾ, ನಿಮಗೂ ನಮಸ್ಕಾರ. ಪಾರ್ಸೆಲ್ ಮುಟ್ಟಿದೆ. ಬಾಂಬೋ ಕಡೆಯಿಂದ ಬಂದದ್ದು ಎರಡೇ ಪದ: ಜಿಕೋಮೋ ಕ್ವಾಂಬಿರಿ. ತುಂಬಾ ಥ್ಯಾಂಕ್ಸ್ ಅಂತ.