ಫೀಸ್ ಕಟ್ಟೋರು ಸಿಕ್ತಾರೆ, ಪೇಪರ್ ಮುಟ್ಟಿಸೋರೇ ಇಲ್ಲ: ಜೈಲಲ್ಲಿ ಡಿಗ್ರಿ ಓದ್ತಿರೋರಿಗಾಗಿ ಒಂದು ಮನವಿ

ಎಲ್ಲರಿಗೂ ನಮಸ್ಕಾರ. ನಮ್ಮ ಟ್ರಸ್ಟ್ ಪರವಾಗಿ ಬರೀತಿದೀನಿ. ಜೈಲಿನೊಳಗೆ ಕೂತು ಡಿಗ್ರಿ ಓದೋರಿಗೂ ಹೊರಗಿರೋ ಕಾಲೇಜಿಗೂ ನಡುವೆ ಓಡಾಡೋದು ನನ್ನ ಕೆಲಸ. ಕೋಆರ್ಡಿನೇಟರ್ ಅಂತ ಹೆಸರೇನೋ ದೊಡ್ಡದಾಗೇ ಇಟ್ಟಿದಾರೆ, ನಿಜ ಹೇಳ್ಬೇಕಂದ್ರೆ ಅರ್ಧ ಪೋಸ್ಟ್‌ಮ್ಯಾನ್, ಇನ್ನರ್ಧ ಗುಮಾಸ್ತ.

ಮೊನ್ನೆ ರಾತ್ರಿ 40 ಸ್ಟಡಿ ಮೆಟೀರಿಯಲ್ ಕಟ್ಟು ಮುಂದೆ ಹಾಕ್ಕೊಂಡು ಕೂತಿದ್ದೆ. ಓದೋಕಲ್ಲ, ಪಿನ್ ಕೀಳೋಕೆ. ಸ್ಟೇಪಲ್ ಪಿನ್ ಇದ್ರೆ ಗೇಟಲ್ಲೇ ನಿಲ್ಲಿಸ್ತಾರೆ, ಸ್ಪೈರಲ್ ತಂತಿ ಇದ್ರೂ ಅಷ್ಟೇ, ಗಟ್ಟಿ ರಟ್ಟಿನ ಪುಸ್ತಕ ಆದ್ರೆ ರಟ್ಟು ಹರಿದು ಕೊಡಿ ಅಂತಾರೆ (ರಟ್ಟಿನೊಳಗೆ ಏನಾದ್ರೂ ಇಟ್ಟು ಸಾಗಿಸ್ತಾರೆ ಅನ್ನೋ ಭಯ ಸುಳ್ಳೂ ಅಲ್ಲ ಬಿಡಿ, ಗೇಟಿನವರ ಮೇಲೆ ನನಗೆ ಕೋಪ ಇಲ್ಲ). ಒಂದೊಂದೇ ಪಿನ್ ಚಾಕು ತುದೀಲಿ ಎಬ್ಬಿಸಿ ಕಿತ್ತು, ಬೆನ್ನಿಗೆ ಗಮ್ ಹಚ್ಚಿ, ಮೇಲೆ ದಪ್ಪ ಡಿಕ್ಷನರಿ ಹೇರಿ ಒಣಗಿಸಿದ್ದಾಯ್ತು. ಉಗುರು ಸಂದಿ ಎರಡು ದಿನ ಉರೀತು. ಈ ಕೆಲಸಕ್ಕೆ ಯಾವ ಸ್ಕಾಲರ್‌ಶಿಪ್ಪಲ್ಲೂ ಕಾಲಂ ಇಲ್ಲ, ನಾನು ಇವತ್ತು ಕೈ ಚಾಚ್ತಿರೋದು ಇಂಥದ್ದಕ್ಕೇನೆ.

ಜನಕ್ಕೆ ಫೀಸ್ ಅಂದ್ರೆ ಅರ್ಥ ಆಗತ್ತೆ, ಫೀಸ್ ಕಟ್ಟೋರು ಹೆಂಗೋ ಸಿಕ್ತಾರೆ. ಕಷ್ಟ ಇರೋದು ಅದಾದ್ಮೇಲೆ. ಒಳಗೆ ಇಂಟರ್ನೆಟ್ ಇಲ್ಲ, ಹಾಗಾಗಿ ಪಾಠ ಎಲ್ಲಾ ಪ್ರಿಂಟ್ ಹಾಕಿಸಬೇಕು, ಅದನ್ನ ಪರ್ಮಿಷನ್‌ಗೆ ಕೊಡಬೇಕು, ಅವರು ಓದಿ ಸೀಲ್ ಒತ್ತೋವರೆಗೂ ಕಾಯಬೇಕು, ಅಷ್ಟರಲ್ಲಿ ಅಸೈನ್‌ಮೆಂಟ್ ಡೇಟ್ ಮುಗಿದಿದ್ರೆ ಕಾಲೇಜಿಗೆ ಹೋಗಿ ಎಕ್ಸ್‌ಟೆನ್ಷನ್ ಬೇಡ್ಕೋಬೇಕು. ಹಳೇ ಮಾರ್ಕ್ಸ್‌ಕಾರ್ಡ್ ಕಳ್ಕೊಂಡಿರ್ತಾರೆ, ಅದರ ನಕಲು ತೆಗೆಸೋಕೆ ಅವರು ಓದಿದ ಸ್ಕೂಲ್ ಹುಡುಕ್ಕೊಂಡು ಹೋಗಬೇಕು. ಹಾಲ್ ಟಿಕೆಟ್ ಫೋಟೋಗೂ ಬೇರೆ ಪರ್ಮಿಷನ್. ಕ್ಲಾಸ್ ಅರ್ಧಕ್ಕೆ ಬಂದಾಗ ಕೈದಿಗಳ ತಲೆ ಎಣಿಕೆ ಅಂತ ಎದ್ದು ಹೋದ್ರೆ ಆವತ್ತಿನ ಪಾಠ ಅಲ್ಲಿಗೇ ಖತಂ.

ಇದೇನು ನಮ್ಮಲ್ಲಿ ಮಾತ್ರ ಇರೋ ಗೋಳಲ್ಲ. 2015ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಜೈಲಿನ ಡಿಬೇಟ್ ಟೀಮು, ಬಾರ್ಡ್ ಕಾಲೇಜಿನ ಪ್ರೋಗ್ರಾಮಲ್ಲಿ ಓದ್ತಿದ್ದೋರು, ಹಾರ್ವರ್ಡ್ ಟೀಮನ್ನ ಸೋಲಿಸ್ತು ಅಂತ ಪೇಪರಲ್ಲೆಲ್ಲಾ ಬಂತು ನೋಡಿ, ಅವರಿಗೂ ತಯಾರಿಗೆ ಇಂಟರ್ನೆಟ್ ಇರಲಿಲ್ಲ, ಬೇಕಾದ ಪುಸ್ತಕಕ್ಕೂ ಲೇಖನಕ್ಕೂ ಜೈಲಿನ ಒಪ್ಪಿಗೆಗೆ ಕಾಯ್ತಾ ಕೂರಬೇಕಿತ್ತು. ಗೆದ್ದಿದ್ದು ಎಲ್ಲರಿಗೂ ಗೊತ್ತು, ಆ ಪುಸ್ತಕ ಒಳಗೆ ತಲುಪಿಸಿದೋರು ಯಾರು ಅಂತ ಯಾರೂ ಕೇಳಲ್ಲ (ನಾನು ಕೇಳ್ತೀನಿ, ನಮ್ಮ ಜಾತಿಯೋರು ತಾನೇ!). ಮಂಡೇಲಾ ಅವರದ್ದೂ ಇದೇ ಕಥೆ, ಜೈಲಲ್ಲಿ ಅಂಚೆ ಮೂಲಕ ಕಾನೂನು ಓದ್ತಾ, ನಡುವೆ 4 ವರ್ಷ ಓದೋ ಅನುಮತೀನೇ ಕಿತ್ಕೊಂಡಿದ್ರಿಂದ ಅದೂ ನಿಂತು, ಕೊನೆಗೆ ದಕ್ಷಿಣ ಆಫ್ರಿಕಾ ಯೂನಿವರ್ಸಿಟಿಯಿಂದ ಎಲ್‌ಎಲ್‌ಬಿ ಸಿಕ್ಕಿದ್ದು 1989ರಲ್ಲಿ, ಅಂದ್ರೆ ಬಿಡುಗಡೆಗೆ ಸ್ವಲ್ಪ ಮುಂಚೆ.

ನಮ್ಮ ಒಬ್ಬ ವಿದ್ಯಾರ್ಥಿ ವಿಷಯ ಹೇಳ್ತೀನಿ, ಹೆಸರು ಬೇಡ. ಎರಡನೇ ವರ್ಷ, ಎಕನಾಮಿಕ್ಸ್. ರೂಲ್ ಎಳೆದ ಹಾಳೆ ಸಿಗದೇ ಇದ್ದಾಗ ಬಿಳಿ ಹಾಳೆ ಮೇಲೆ ತಾನೇ ಗೆರೆ ಎಳ್ಕೊಂಡು ಗ್ರಾಫ್ ಬರೀತಿದ್ರು, ಅಷ್ಟು ನೀಟು. ಪರೀಕ್ಷೆಗೆ 9 ದಿನ ಇದ್ದಾಗ ಬೇರೆ ಜೈಲಿಗೆ ಟ್ರಾನ್ಸ್‌ಫರ್ ಆಯ್ತು. ಹಾಲ್ ಟಿಕೆಟ್ ಹಳೇ ಸೆಂಟರಿಗೆ, ಮನುಷ್ಯ ಇನ್ನೊಂದು ಕಡೆ, ನೋಟ್ಸ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಆಗ ನಮ್ಮಲ್ಲಿ ಇದ್ದಿದ್ದು ನಾನೊಬ್ಬನೇ, ಸೆಂಟರ್ ಬದಲಾವಣೆ ಪತ್ರ ಹಿಡ್ಕೊಂಡು ಓಡಾಡೋಷ್ಟರಲ್ಲಿ ಮೂರು ಪೇಪರ್ ಮುಗಿದಿತ್ತು. ಮಾರ್ಕ್ಸ್‌ಕಾರ್ಡಲ್ಲಿ ಗೈರುಹಾಜರಿ ಅಂತ ಬಂತು. ಗೈರುಹಾಜರಿ ಅಂತೆ, ಜೈಲಲ್ಲಿರೋ ಮನುಷ್ಯ ಇನ್ನೆಲ್ಲಿಗೆ ಹೋಗ್ತಾನೆ ಸ್ವಾಮಿ!

ಇನ್ನು ನೀವು ಕೇಳೋ ಪ್ರಶ್ನೆ ಗೊತ್ತು. ತಪ್ಪು ಮಾಡದೇ ಇರೋರ ಮಕ್ಕಳೇ ಸಾಲ ಮಾಡಿ ಓದ್ತಿರುವಾಗ ಇವರಿಗೆ ಯಾಕೆ ಅಂತ. ನ್ಯಾಯವಾದ ಪ್ರಶ್ನೆ, ನಮ್ಮ ಮನೇಲೂ ಕೇಳಿದಾರೆ. ಅಮೆರಿಕದಲ್ಲಿ ಇದೇ ಮಾತು ಹೇಳಿ 1994ರಲ್ಲಿ ಕೈದಿಗಳಿಗೆ ಕೊಡ್ತಿದ್ದ ಪೆಲ್ ಗ್ರಾಂಟ್ (ದುಡ್ಡಿಲ್ಲದ ಕಾಲೇಜು ವಿದ್ಯಾರ್ಥಿಗಳಿಗೆ ಅಲ್ಲಿನ ಸರ್ಕಾರ ಕೊಡೋ ಸಹಾಯಧನ) ನಿಲ್ಲಿಸಿದ್ರು, ಜೈಲಿನ ಕಾಲೇಜು ಪ್ರೋಗ್ರಾಮ್‌ಗಳು ಬಹುಪಾಲು ಮುಚ್ಚಿಹೋದ್ವು, ಅದು ಪೂರ್ತಿ ವಾಪಸ್ ಬಂದಿದ್ದು 2023ರ ಜುಲೈನಲ್ಲಿ. ನಡುವೆ 2013ರಲ್ಲಿ ರ‍್ಯಾಂಡ್ ಅನ್ನೋ ಅಲ್ಲಿನ ಸಂಶೋಧನಾ ಸಂಸ್ಥೆ ಹಳೇ ಅಧ್ಯಯನಗಳನ್ನೆಲ್ಲಾ ಗುಡ್ಡೆ ಹಾಕಿ ನೋಡಿದಾಗ ಜೈಲಲ್ಲಿ ಏನಾದ್ರೂ ಶಿಕ್ಷಣ ಪಡೆದೋರು ಮತ್ತೆ ಅಪರಾಧಕ್ಕೆ ಬೀಳೋ ಆಡ್ಸ್ (ಅಂದ್ರೆ ಬೀಳೋರಿಗೂ ಬೀಳದೋರಿಗೂ ಇರೋ ಅನುಪಾತ) ಶಿಕ್ಷಣ ಪಡೆಯದೋರಿಗಿಂತ 43% ಕಮ್ಮಿ ಅಂತ ಬಂತು. ಓದೋಕೆ ಮುಂದೆ ಬರೋರು ಮೊದಲಿಂದಲೂ ಬದಲಾಗೋ ಮನಸ್ಸಿನೋರೇ ಇರಬಹುದು ಅಂತ ನೀವು ವಾದ ಮಾಡಬಹುದು, ಮಾಡಿ. ಆದ್ರೆ ಅವರಲ್ಲಿ ಹೆಚ್ಚಿನೋರು ಒಂದಲ್ಲ ಒಂದು ದಿನ ಆಚೆ ಬಂದೇ ಬರ್ತಾರೆ, ನಿಮ್ಮ ನಮ್ಮ ಪಕ್ಕದ ಮನೇಗೇ ಬರ್ತಾರೆ, ಆಗ ಕೈಯಲ್ಲಿ ಏನಿರಬೇಕು ಅನ್ನೋದಷ್ಟೇ ನನ್ನ ಲೆಕ್ಕ.

ಹಣ ಹೋಗೋದು ಪ್ರಿಂಟಿಂಗ್‌ಗೆ, ಪರೀಕ್ಷೆ ಫಾರಂಗೆ, ಅಂಚೆಗೆ, ಓಡಾಟದ ಖರ್ಚಿಗೆ, ಜೊತೆಗೆ ಇನ್ನೊಬ್ಬ ಕೋಆರ್ಡಿನೇಟರ್ ಸಂಬಳಕ್ಕೆ. ಆ ಇನ್ನೊಬ್ಬರ ಕೆಲಸ ಮುಖ್ಯವಾಗಿ ಎರಡೇ, ಟ್ರಾನ್ಸ್‌ಫರ್ ಆದೋರ ಹಿಂದೆ ಅವರ ಫೈಲು ತಗೊಂಡು ಹೋಗೋದು, ಮತ್ತೆ ಸೆಮಿಸ್ಟರ್ ಮಧ್ಯದಲ್ಲಿ ಬಿಡುಗಡೆ ಆದೋರನ್ನ ಹೊರಗಿನ ಸ್ಟಡಿ ಸೆಂಟರಿಗೆ ಸೇರಿಸೋದು. ಬಿಡುಗಡೆ ಆದ ಖುಷೀಲಿ, ಆಮೇಲೆ ಕೆಲಸ ಹುಡುಕೋ ಗಡಿಬಿಡೀಲಿ ಓದು ಕೈಬಿಟ್ಟೋರನ್ನ ತುಂಬಾ ನೋಡಿದೀನಿ. ಎಷ್ಟು ಕೊಟ್ರೂ ಟ್ರಸ್ಟ್ ಆಫೀಸಿಂದ ರಸೀದಿ ಬರತ್ತೆ, ವರ್ಷದ ಲೆಕ್ಕ ನೋಡ್ಬೇಕು ಅಂದ್ರೆ ಬಂದು ನೋಡಬಹುದು. ದುಡ್ಡು ಆಗಲ್ಲ ಅನ್ನೋರು ಹಳೇ ಡಿಗ್ರಿ ಪುಸ್ತಕ ಕೊಡಿ, ಗೀಚಿದ್ರೂ ಪರವಾಗಿಲ್ಲ ಆದ್ರೆ ಫೋನ್ ನಂಬರ್ ಬರೆದಿರೋ ಹಾಳೆ ಇದ್ರೆ ತೆಗೆದುಬಿಡಿ, ಇಲ್ಲಾಂದ್ರೆ ಇಡೀ ಪುಸ್ತಕ ವಾಪಸ್ ಬರತ್ತೆ. ಪರೀಕ್ಷೆ ಫಾರಂ ತುಂಬೋ ಟೈಮ್ ಹತ್ರ ಬಂದಿದೆ, ಕೊಡೋರು ಸ್ವಲ್ಪ ಬೇಗ ಕೊಡಿ. ಮತ್ತೆ ನೋಟ್ಸ್ ಕಳಿಸೋರು ಚೆನ್ನಾಗಿ ಕಾಣ್ಲಿ ಅಂತ ಸ್ಪೈರಲ್ ಬೈಂಡಿಂಗ್ ಮಾತ್ರ ಮಾಡಿಸ್ಬೇಡಿ, ಆ ತಂತಿ ಬಿಚ್ಚೋಕೆ ಮತ್ತೆ ನಾನೇ ಕೂರಬೇಕು.